ಕೈನಡುಕವನ್ನು ‘ಯಾವಾಗ’ ಎಂದು ಕೇಳುವ ಬಕ್ಕೇಶ್

ಬೆಳಕು ಈಗಷ್ಟೇ ಹರಿದಿದೆ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಖಾಸಗಿ ಆಸ್ಪತ್ರೆಯೊಂದರ ಮೇಲಿನ ವಾರ್ಡಿನಲ್ಲಿ ಅರ್ಧ ಜನ ಇನ್ನೂ ಮುಸುಕು ಹೊದ್ದು ಮಲಗಿದ್ದಾರೆ. ನೆಲಕ್ಕೆ ಹಾಕಿದ ಫಿನಾಯಿಲ್ ವಾಸನೆ ಹೋಗಿಲ್ಲ. ಹರಿಹರದಿಂದ ಮೊದಲ ಬಸ್ಸಿಗೆ ಬಂದಿಳಿದ ಬಕ್ಕೇಶ್ ಕಿಟಕಿ ಪಕ್ಕದ ಮಂಚದ ಅಜ್ಜಿಗೆ ಅರ್ಧ ಲೋಟ ಟೀ ಕೊಟ್ಟು ಸುಮ್ಮನೆ ನಿಂತಿದ್ದಾರೆ. ಟೀ ಸುಡದಂತೆ ಮೊದಲೇ ಆರಿಸಿ ತಂದಿದ್ದಾರೆ. ತೊಡೆಯ ಮೇಲೆ ತಣ್ಣಗಿದ್ದ ಅಜ್ಜಿಯ ಕೈ ಲೋಟ ಎತ್ತಿದ್ದೇ ತಡ ನಡುಗಲು ಶುರುವಾಗುತ್ತದೆ. ಲೋಟ ತುಟಿ ಮುಟ್ಟುವಷ್ಟರಲ್ಲಿ ಟೀ ಸೆರಗಿನ ಮೇಲೆ ಚೆಲ್ಲುತ್ತದೆ. ಬಕ್ಕೇಶ್ ತಮ್ಮ ಕರವಸ್ತ್ರ ಕೊಟ್ಟು, ಉಳಿದ ಟೀಯನ್ನು ತಾವೇ ಹಿಡಿದು ಕುಡಿಸುತ್ತಾರೆ.

“ಇಟ್ಟಾಗ ಇಲ್ಲ, ಎತ್ತಿದಾಗ ಐತೆ,” ಎಂದು ತಮಗೆ ತಾವೇ ಹೇಳಿಕೊಂಡು ಫೈಲು ಬಿಡಿಸುತ್ತಾರೆ. ಹಿಂದಿನ ದಿನ ವೈದ್ಯರು ಬರೆದ ಪುಟದಲ್ಲಿ ಕೈನಡುಕ ಎಂದಷ್ಟೇ ಇದೆ. ಅದರ ಪಕ್ಕದಲ್ಲಿ ಒಂದು ಹಳದಿ ಚೀಟಿ ಅಂಟಿಸುತ್ತಾರೆ. “ಸರ್, ಟೀ ಕುಡಿಯುವಾಗ ಚೆಲ್ಲಿತು. ನಡುಕ ಯಾವಾಗ ಎಂದು ನೋಡಿ ಬರೆಯಿರಿ.” ಅಷ್ಟೇ. ಅದು ಯಾವ ಕಾಯಿಲೆ ಇರಬಹುದು ಎಂದು ಒಂದಕ್ಷರವೂ ಇಲ್ಲ.

ಇಷ್ಟು ವರ್ಷದ ಅನುಭವವಿದೆ, ಊಹಿಸಿ ಬರೆಯಬಹುದಲ್ಲ ಎಂದು ನಾನು ಕೆಣಕುತ್ತೇನೆ. ಅವರು ನಗುವುದಿಲ್ಲ. “ನಾನು ಡಾಕ್ಟ್ರಲ್ಲರಿ. ಕಂಡಿದ್ದು ಹೇಳಬಹುದು, ಕೇಳಿದ್ದು ಹೇಳಬಹುದು. ರೋಗದ ಹೆಸರು ನಾನು ಹೇಳಂಗಿಲ್ಲ. ಹೇಳಿದ್ರೆ ಅವತ್ತಿಗೆ ನನ್ನ ಕೆಲಸ ಕೆಡ್ತು ಅಂತ ಲೆಕ್ಕ,” ಎನ್ನುತ್ತಾರೆ.

ಬಕ್ಕೇಶ್ ಮೆಡಿಕಲ್ ಕೋಡರ್. ಹಾಗೆಂದರೇನು ಎಂದು ನಿಮಗೆ ಗೊತ್ತಿಲ್ಲದಿದ್ದರೆ ಮುಜುಗರ ಬೇಡ, ಅವರ ಮಾವನ ಮನೆಯವರಿಗೂ ಇವತ್ತಿನವರೆಗೆ ಗೊತ್ತಾಗಿಲ್ಲ. ಜಗತ್ತಿನ ಪ್ರತಿಯೊಂದು ಕಾಯಿಲೆಗೂ ಒಂದು ಇಂಗ್ಲಿಷ್ ಅಕ್ಷರ ಮತ್ತು ಒಂದಿಷ್ಟು ಅಂಕಿ ಸೇರಿದ ಗುರುತಿದೆ. ವೈದ್ಯರು, ನರ್ಸುಗಳು ಬರೆದ ಪುಟಗಳನ್ನೆಲ್ಲ ಓದಿ, ಎಲ್ಲಿ ಅರ್ಧಂಬರ್ಧ ಇದೆಯೋ ಅಲ್ಲಿ ವೈದ್ಯರನ್ನು ಕೇಳಿ ತುಂಬಿಸಿ, ಕೊನೆಗೆ ಆ ಗುರುತು ಹಾಕುವುದು ಇವರ ಕೆಲಸ. ರೋಗಿ ಮನೆಗೆ ಹೋಗುವಾಗ ಕೈಗೆ ಕೊಡುವ ಡಿಸ್ಚಾರ್ಜ್ ಸಮ್ಮರಿಯೂ ಇವರ ಕಣ್ಣು ದಾಟಿಯೇ ಹೋಗಬೇಕು. ವಿಮೆಯವರು ನೋಡುವುದು ಅದನ್ನೇ. ಮುಂದೆ ಬೇರೆ ಊರಿನಲ್ಲಿ ಬೇರೆ ವೈದ್ಯರು ನಂಬುವುದೂ ಅದನ್ನೇ. ನಾವು ಔಷಧಿ ಚೀಟಿಯನ್ನಾದರೂ ತಿರುಗಿಸಿ ನೋಡುತ್ತೇವೆ, ಸಮ್ಮರಿಯನ್ನು ಮಡಚಿ ಬೀರುವಿಗೆ ಹಾಕಿ ಮರೆಯುತ್ತೇವೆ.

“ಹುಡುಗ ಕೋಡಿಂಗ್ ಮಾಡ್ತಾನೆ ಅಂತ ನಮ್ಮಾವ ಊರ್ ತುಂಬ ಹೇಳಿಬಿಟ್ಟಿದ್ರು. ಮದುವಿ ಆದ ವಾರಕ್ಕೆ ಕೆಟ್ಟ ಕಂಪ್ಯೂಟ್ರು, ಕೆಟ್ಟ ಫೋನು ಎಲ್ಲ ನಮ್ಮನಿಗೆ ಬರಾಕ್ ಹತ್ತಿದ್ವು,” ಎಂದು ಬಕ್ಕೇಶ್ ಈಗ ನಗುತ್ತಾರೆ. ಹರಿಹರದ ಮನೆಯಲ್ಲಿ ತಾಯಿ ಬಸವಣ್ಣೆಮ್ಮ ಮಾತ್ರ ಅಕ್ಕಪಕ್ಕದವರಿಗೆ ಸರಿಯಾಗಿಯೇ ಹೇಳುತ್ತಾರೆ: “ನಮ್ಮ ಹುಡುಗ ರೋಗಕ್ಕೆ ನಂಬರ್ ಹಾಕ್ತಾನವ್ವ.” ಕೇಳಿದವರಿಗೆ ಅರ್ಥವಾಗುವುದಿಲ್ಲ, ಆದರೆ ಏನೋ ದೊಡ್ಡದೇ ಇರಬೇಕೆಂದು ತಲೆಯಾಡಿಸುತ್ತಾರೆ.

ತಂದೆ ಹರಿಹರದ ಕಾರ್ಖಾನೆಯೊಂದರಲ್ಲಿ ಲೇತ್ ಮಿಷನ್ ನಡೆಸುತ್ತಿದ್ದರು. ಕಾರ್ಖಾನೆಗೆ ಬೀಗ ಬಿದ್ದಾಗ ಬಕ್ಕೇಶ್ ಇನ್ನೂ ಕಾಲೇಜಿನಲ್ಲಿದ್ದರು. ಬಿ.ಎಸ್ಸಿ. ಮುಗಿಸಿ ದಾವಣಗೆರೆಯ ಲ್ಯಾಬೊಂದರಲ್ಲಿ ವರದಿ ಟೈಪು ಮಾಡುವ ಕೆಲಸಕ್ಕೆ ಸೇರಿದರು. ಅಲ್ಲಿಂದ ಆಸ್ಪತ್ರೆಯ ದಾಖಲೆ ಕೋಣೆಗೆ ಬಂದರು, ದೂರಶಿಕ್ಷಣದಲ್ಲಿ ಕೋಡಿಂಗ್ ಪರೀಕ್ಷೆ ಕಟ್ಟಿದರು. ಮೊದಲ ಸಲ ಫೇಲಾದರು. ಅಂಗರಚನೆಯ ಹೆಸರುಗಳನ್ನು ಬಸ್ಸಿನಲ್ಲಿ ನಿಂತುಕೊಂಡೇ ಬಾಯಿಪಾಠ ಮಾಡಿ ಎರಡನೇ ಸಲ ಪಾಸಾದರು. ಈಗ ನಲವತ್ತು ದಾಟಿದೆ. ದಪ್ಪ ಗಾಜಿನ ಕನ್ನಡಕ ಬಂದಿದೆ, ಕತ್ತು ನೋವು ಬಂದಿದೆ, ದಿನಕ್ಕೆ ನಲವತ್ತು ಐವತ್ತು ಫೈಲು ಬರುವುದು ನಿಂತಿಲ್ಲ. ಹೆರಿಗೆ, ಹರ್ನಿಯಾ, ಹಾವು ಕಡಿತ, ಎಲ್ಲವೂ ಅವರ ಮೇಜಿನ ಮೇಲೆ ಹಾದು ಹೋಗುತ್ತವೆ. ಅವರ ಜೀವ ಇರುವುದು ಮಾತ್ರ ಕೈನಡುಕದ ಫೈಲುಗಳಲ್ಲಿ.

ಯಾಕೆ ಅದರ ಮೇಲೆ ಅಷ್ಟು ಪ್ರೀತಿ ಎಂದರೆ ಕುರ್ಚಿ ಎಳೆದು ಕೂರಿಸಿ ಹೇಳುತ್ತಾರೆ. ಕೈ ಸುಮ್ಮನೆ ಬಿದ್ದಿರುವಾಗಲೇ ನಡುಗುವುದು ಬೇರೆ. ಏನಾದರೂ ಹಿಡಿದಾಗ, ಎತ್ತಿದಾಗ ನಡುಗುವುದು ಬೇರೆ. ಥೈರಾಯ್ಡಿನ ನಡುಕವಿದೆ, ಭಯದ ನಡುಕವಿದೆ, ಕುಡಿತ ಬಿಟ್ಟ ಬೆಳಿಗ್ಗೆಯ ನಡುಕವಿದೆ. ಒಂದೊಂದಕ್ಕೂ ಮದ್ದು ಬೇರೆ, ಕೆಲವಕ್ಕೆ ಮದ್ದೇ ಬೇಡ. “ಆರ್ 25.1 ಅಂದ್ರೆ ಕೈ ನಡುಗ್ತೈತೆ, ಯಾಕಂತ ಗೊತ್ತಿಲ್ಲ. ಜಿ 25.1 ಅಂದ್ರೆ ಯಾವ್ದೋ ಔಷಧಿಯಿಂದ ನಡುಗ್ತೈತೆ. ಅಂಕಿ ಒಂದೇ ನೋಡ್ರಿ, ಮುಂದಿನ ಅಕ್ಷರ ಬ್ಯಾರೆ. ಆ ಮನುಷ್ಯನ ಮುಂದಿನ ಬದುಕೂ ಬ್ಯಾರೆ.” ಫೈಲಿನಲ್ಲಿ ಯಾವಾಗ ಎಂಬುದೊಂದು ಇದ್ದರೆ ವೈದ್ಯರಿಗೆ ದಾರಿ ಸಿಗುತ್ತದೆ, ಇವರಿಗೆ ಗುರುತು ಸಿಗುತ್ತದೆ.

ಆದರೆ ವೈದ್ಯರ ಎದುರು ನಡುಕ ಕಾಣಿಸಿಕೊಳ್ಳುವುದೇ ಕಷ್ಟ. “ನಮ್ಮ ಜನ ಡಾಕ್ಟ್ರು ಬಂದ ಕೂಡ್ಲೆ ಕೈ ಕಟ್ಕಂಡು ಕೂಡ್ತಾರ್ರಿ, ಮರ್ಯಾದಿ ಅಂತ. ಕಟ್ಟಿದ ಕೈ ಹೆಂಗೆ ನಡುಗ್ತೈತೆ? ನನ್ನ ಮುಂದೆ ಯಾರೂ ಕೈ ಕಟ್ಟಲ್ಲ. ಟೀ ತಂದೋನು ಅಂತ ತಿಳ್ಕಂತಾರೆ. ಅದೇ ನನಗೆ ಅನುಕೂಲ.” ರೌಂಡ್ಸಿಗೆ ಮೊದಲೇ ಇವರು ವಾರ್ಡಿಗೆ ಬರುವುದರ ಗುಟ್ಟು ಇದು. ಇಪ್ಪತ್ತು ವರ್ಷದಿಂದ ಆಸ್ಪತ್ರೆಗಳ ಬಗ್ಗೆ ಬರೆಯುತ್ತಿರುವ ನಾನು ಈ ಕೈಕಟ್ಟುವಿಕೆಯನ್ನು ಸಾವಿರ ಸಲ ನೋಡಿರಬೇಕು. ಅದರೊಳಗೆ ಒಂದು ಕಾಯಿಲೆ ಅಡಗಿ ಕೂರಬಹುದು ಎಂದು ಹೊಳೆದದ್ದು ಅವತ್ತೇ.

ಇನ್ನು ಬಕ್ಕೇಶ್ ಮರೆಯದ ಒಬ್ಬ ರೋಗಿ, ಕಲ್ಲೇಶಪ್ಪನವರ ವಿಷಯ. ರೋಗಿಯ ವಿವರ ಹೊರಗೆ ಹೇಳುವುದು ಬಕ್ಕೇಶ್ ಜಾಯಮಾನವಲ್ಲ. ಕೇಳಿದರೆ ಕಿವಿ ಕೇಳದವರಂತೆ ಕೂರುತ್ತಾರೆ. ನಿಟ್ಟುವಳ್ಳಿಯ ಮನೆಗೆ ಹೋಗಿ ನಾನೇ ಕಲ್ಲೇಶಪ್ಪನವರನ್ನು ಕೇಳಿದೆ. “ಬರೀರಿ. ಹೆಸರು ಹಾಕೇ ಬರೀರಿ. ದೊಡ್ಡಕ್ಷರದಾಗ ಹಾಕ್ರಿ,” ಎಂದು ಅವರು ಅಪ್ಪಣೆ ಕೊಟ್ಟ ಮೇಲೆಯೇ ಬಕ್ಕೇಶ್ ಬಾಯಿಬಿಟ್ಟದ್ದು.

ಕಲ್ಲೇಶಪ್ಪನವರಿಗೆ ಎಪ್ಪತ್ತರ ಮೇಲಾಗಿದೆ. ಕೆ.ಬಿ. ಬಡಾವಣೆಯಲ್ಲಿ ಅವರದು ಹಳೆಯ ಬಟ್ಟೆ ಅಂಗಡಿ. ಥಾನು ಬಿಚ್ಚಿ, ಅಳೆದು, ಕತ್ತರಿ ಹಾಕಿದರೆ ದರ್ಜಿಗಳು ಮತ್ತೆ ಅಳೆಯುತ್ತಿರಲಿಲ್ಲ ಎಂಬ ಹೆಸರಿತ್ತು. ಎರಡು ವರ್ಷದ ಹಿಂದೆ ಆ ಕೈ ನಡುಗಲು ಶುರುವಾಯಿತು. ಕತ್ತರಿ ಸೊಟ್ಟಗೆ ಹೋಯಿತು. ಗಿರಾಕಿಗಳು ಮೊದಲು ಕೈ ನೋಡಿದರು, ಆಮೇಲೆ ಮುಖ ನೋಡಿದರು, ಹೊರಗೆ ಹೋಗಿ ಪಿಸುಗುಟ್ಟಿದರು. ಯಜಮಾನರು ಸಂಜೆ ಹೊತ್ತು ತಗೊಳ್ಳುತ್ತಾರಂತೆ ಎಂಬ ಮಾತು ಬೀದಿ ದಾಟಿತು. ಹುಟ್ಟಿದಂದಿನಿಂದ ಕೊರಳಲ್ಲಿ ಲಿಂಗ ಕಟ್ಟಿಕೊಂಡ, ಹೆಂಡದ ವಾಸನೆ ಬಂದರೆ ಬೀದಿಯ ಆ ಬದಿಗೆ ಹೋಗುವ ಮನುಷ್ಯ ಅವರು. ಕೊನೆಗೆ ಮಗನೇ ಕತ್ತರಿಯನ್ನು ಮೆಲ್ಲಗೆ ತೆಗೆದು ಬೇರೆ ಕಡೆ ಇಟ್ಟ. “ಯಾಕಪ ಅಂತ ನಾನೂ ಕೇಳ್ಲಿಲ್ಲ, ಅವನೂ ಹೇಳ್ಲಿಲ್ಲ,” ಎನ್ನುತ್ತಾರೆ ಅಜ್ಜ.

ತೋರಿಸಿದ ಮೊದಲ ಕಡೆ ಯಾರೋ ಅವಸರದಲ್ಲಿ ಮದ್ಯಪಾನದಿಂದ ಇರಬಹುದು ಎಂದು ಬರೆದರು. ಎರಡನೇ ಕಡೆಯವರು ಅದನ್ನು ನೋಡಿ ಮದ್ಯಪಾನದಿಂದ ಎಂದೇ ಬರೆದರು. ಹಾಗೆ ಆ ಮಾತು ಅಜ್ಜನಿಗಿಂತ ಮೊದಲೇ ಎಲ್ಲ ಕಡೆ ಹೋಗಿ ಕೂರತೊಡಗಿತು. ಇಂಗ್ಲಿಷ್ ಓದಬಲ್ಲ ಸೊಸೆ ರೇಖಾ ಅದನ್ನು ಓದಿ, ಯಾರಿಗೂ ಹೇಳದೆ ಒಳಗೇ ನುಂಗಿಕೊಂಡಿದ್ದರು. “ಮಾವ ಅಂಥೋರಲ್ಲ ಅಂತ ಗೊತ್ತಿತ್ರಿ. ಆದ್ರೂ ಡಾಕ್ಟ್ರೇ ಬರೆದಾರಲ್ಲ ಅಂತ ಒಂದೊಂದ್ಸಲ ಮನಸ್ಸು ಅಳುಕ್ತಿತ್ತು,” ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಹೋದ ಚಳಿಗಾಲದಲ್ಲಿ ಕಲ್ಲೇಶಪ್ಪ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಿದ್ದರು. ಸೊಂಟಕ್ಕೆ ಪೆಟ್ಟಾಗಿ ಬಕ್ಕೇಶ್ ಇರುವ ಆಸ್ಪತ್ರೆಗೆ ಸೇರಿದರು. ಕುಡಿದೇ ಬಿದ್ದಿರಬೇಕೆಂದು ನೋಡಲು ಬಂದ ನೆಂಟರ ಕಣ್ಣುಗಳೇ ಹೇಳುತ್ತಿದ್ದವು. ಮೂಳೆ ಮುರಿದಿರಲಿಲ್ಲ, ಮರುದಿನ ಮನೆಗೆ ಕಳುಹಿಸುವುದೆಂದಾಯಿತು. ಸಮ್ಮರಿ ತಯಾರಾಗಬೇಕಿತ್ತು. ಹಳೆಯ ಚೀಟಿಗಳ ಆ ಮಾತು ಅದರ ಕರಡಿನಲ್ಲೂ ಬಂದು ಕೂತಿತ್ತು. ಕೈನಡುಕ ನೋಡಲು ಕರೆಸಿದ್ದ ನರರೋಗ ವೈದ್ಯ ಡಾ. ನಾಗಭೂಷಣ್ ಅದನ್ನು ಇನ್ನೂ ಒಪ್ಪಿ ಸಹಿ ಮಾಡಿರಲಿಲ್ಲ. ಬೆಳಿಗ್ಗೆ ರೌಂಡ್ಸಿನಲ್ಲಿ ನೋಡಿ ತೀರ್ಮಾನಿಸುತ್ತೇನೆ ಎಂದಿದ್ದರು. ಸಹಿ ಬಿದ್ದರೆ ಕಲ್ಲೇಶಪ್ಪ ಕುಡುಕ ಎಂಬುದು ಇನ್ನು ಮುಂದೆ ಬರಿಯ ಪಿಸುಮಾತಾಗಿ ಉಳಿಯುತ್ತಿರಲಿಲ್ಲ.

ಆ ಸಂಜೆ ಬಕ್ಕೇಶ್ ಎಂದಿನಂತೆ ಮಂಚದ ಪಕ್ಕ ಕೂತು ಕೇಳಿದರು: “ಅಜ್ಜಾರೆ, ಯಾವಾಗ ನಡುಗ್ತೈತೆ?”

“ಯಾವಾಗ್ಲೂ ನಡುಗ್ತೈತೆ ತಮ್ಮಾ. ಪೂಜಿ ಹೊತ್ತು ಒಂದು ಬಿಟ್ಟು. ಬೆಳಿಗ್ಗೆ ಜಳಕ ಮಾಡಿ ಅಂಗೈ ಮ್ಯಾಲೆ ಲಿಂಗ ಇಟ್ಕಂಡು ಕುಂತ್ರೆ ಒಂದು ಚೂರೂ ಅಲುಗಲ್ಲ. ಆತನೇ ಕೈ ಹಿಡ್ಕಂತಾನೆ.”

ಬಕ್ಕೇಶ್ ಭಕ್ತಿಯಿಂದ ತಲೆಯಾಡಿಸಿದರು. ಚೀಟಿಯಲ್ಲಿ ‘ಯಾವಾಗಲೂ’ ಎಂದಷ್ಟೇ ಬರೆದು ಎದ್ದು ಬಂದರು. ಬೇರೆ ಮನೆತನದವರು ಯಾರಾದರೂ ಆ ಜಾಗದಲ್ಲಿದ್ದಿದ್ದರೆ ಅದೇನಜ್ಜ ಪೂಜೆ ಹೊತ್ತಿನ ವಿಷಯ ಎಂದು ಇನ್ನೊಂದು ಪ್ರಶ್ನೆ ಕೇಳುತ್ತಿದ್ದರೋ ಏನೋ. ಇವರು ಲಿಂಗವಂತರ ಮನೆಯಲ್ಲೇ ಹುಟ್ಟಿ ಬೆಳೆದವರು. ಇಂಥ ಮಾತುಗಳನ್ನು ಮನೆಯ ಹಿರಿಯರ ಬಾಯಲ್ಲಿ ನೂರಾರು ಸಲ ಕೇಳಿದವರು. ಅದನ್ನು ಭಕ್ತಿಯ ಮಾತೆಂದು ಪಕ್ಕಕ್ಕಿಟ್ಟರು. ಊರಿಗೆಲ್ಲ ‘ಯಾವಾಗ’ ಎಂದು ಕೇಳುವವರು, ಕೈಗೆ ಸಿಕ್ಕ ‘ಯಾವಾಗ’ವನ್ನೇ ಬಿಟ್ಟು ಬಂದರು.

ಮರುದಿನ ನಸುಕಿನಲ್ಲಿ ಹರಿಹರದ ಮನೆಯಲ್ಲಿ ಬಸ್ಸಿಗೆ ಹೊರಟ ಬಕ್ಕೇಶ್, ಜಳಕ ಮುಗಿಸಿ ಬಂದ ತಾಯಿಯ ಕೈಗೆ ಬಿ.ಪಿ. ಮಾತ್ರೆ, ನೀರು ಕೊಡಲು ಹೋದರು. ದಿನವೂ ಅದನ್ನು ಕೊಡುವುದು ಅವರ ಹೆಂಡತಿ. ಅವರು ತವರಿಗೆ ಹೋಗಿದ್ದರಿಂದ ಇವರ ಪಾಲಿಗೆ ಬಂದಿತ್ತು. ಬಸವಣ್ಣೆಮ್ಮ ಗದರಿದರು: “ಲೇ, ಪೂಜಿ ಆಗದ ಬಾಯಿಗೆ ಯಾರಾದ್ರೂ ನೀರು ಹಾಕ್ಕಂತಾರೇನೋ? ಇಡು ಅಲ್ಲಿ. ಆಮ್ಯಾಲೆ ತಗಂತೀನಿ.”

ಲೋಟ ಹಿಡಿದುಕೊಂಡು ಬಕ್ಕೇಶ್ ಅಲ್ಲೇ ನಿಂತುಬಿಟ್ಟರಂತೆ. “ನಾನು ಎದ್ದ ಕೂಡ್ಲೆ ಟೀ ಕುಡಿಯೋನ್ರಿ. ಪೂಜಿ ಹೊತ್ತು ಅಂದ್ರೆ ಬಾಯಿಗೆ ಏನೂ ಹೋಗಿರದ ಹೊತ್ತು ಅನ್ನೋದೇ ನನಗೆ ಮರ್ತು ಹೋಗಿತ್ತು. ಅಜ್ಜಾರು ನನಗೆ ಟೈಮು ಹೇಳಿದ್ರು. ನಾನು ದೇವ್ರ ಮಾತು ಅಂತ ಬಿಟ್ಟು ಬಂದಿದ್ದೆ. ಅದರಿಂದ ಏನು ಗೊತ್ತಾಗ್ತೈತೆ ಅಂತ ನನಗೆ ಆಗ್ಲೂ ತಿಳಿದಿರ್ಲಿಲ್ಲ. ಬಿಟ್ಟಿದ್ದು ತಪ್ಪು ಅಂತ ಮಾತ್ರ ತಿಳೀತು.” ಅಷ್ಟರಲ್ಲಿ ಬಸ್ಸು ಹೋಗಿತ್ತು. ತರಕಾರಿ ಹೇರಿಕೊಂಡು ಹೊರಟಿದ್ದ ಗೂಡ್ಸ್ ಆಟೋದ ಚಾಲಕನ ಪಕ್ಕ ಕೂತು ದಾವಣಗೆರೆಗೆ ಬಂದರು. ಸಹಿಗೆ ಮೊದಲು ವೈದ್ಯರನ್ನು ಹಿಡಿಯಬೇಕಿತ್ತು.

ಡಾ. ನಾಗಭೂಷಣ್ ಅವರನ್ನು ವಾರ್ಡಿನ ಬಾಗಿಲಲ್ಲೇ ನಿಲ್ಲಿಸಿ ಬಕ್ಕೇಶ್ ನಡೆದದ್ದನ್ನು ಹೇಳಿದರು. ತಾವು ಬರೆಯದೆ ಬಿಟ್ಟದ್ದನ್ನೂ ಹೇಳಿದರು. “ಸರ್, ಪೂಜೆ ಹೊತ್ತಿನಲ್ಲಿ ನಡುಗಲ್ಲ ಅಂತಾರೆ. ಪೂಜೆಗೆ ಮುಂಚೆ ಏನೂ ಮುಟ್ಟಲ್ಲ. ಇಷ್ಟು ನನಗೆ ಗೊತ್ತಿರೋದು,” ಎಂದಷ್ಟೇ ಹೇಳಿದರು. ವೈದ್ಯರು ಬೇರೆ ಮಂಚಗಳನ್ನು ಬಿಟ್ಟು ನೇರ ಅಜ್ಜನ ಹತ್ತಿರ ಹೋಗಿ ಕೂತರು. ಪೂಜೆ ಆಗಷ್ಟೇ ಮುಗಿದಿತ್ತು, ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಚಾಚಿದ ಕೈ ನೆಟ್ಟಗೆ ನಿಂತಿತ್ತು.

“ಪೂಜೆ ಆದ ಮೇಲೆ ಏನೇನು ತಗೊಳ್ತೀರಿ ಯಜಮಾನ್ರೇ?”

“ಏನೈತ್ರಿ, ಎರಡು ಇಡ್ಲಿ. ಆಮ್ಯಾಲೆ ದಮ್ಮಿಂದು ಗುಳಿಗಿ.”

“ಮಾತ್ರೆ ತಗೊಳ್ಳಲ್ಲ ಅಂದಿದ್ರಲ್ಲ?”

“ಬಿಪಿಗೆ, ಶುಗರಿಗೆ ಅಂತ ಕೇಳಿದ್ರಿ. ಅವೆರಡೂ ನನಗಿಲ್ಲ. ಇದು ದಮ್ಮಿಂದು, ಕೈಗೂ ಇದಕ್ಕೂ ಏನು ಸಂಬಂಧ?” ಎನ್ನುತ್ತ ಕಲ್ಲೇಶಪ್ಪ ದಿಂಬಿನ ಕೆಳಗಿಂದ ಮಾತ್ರೆಯ ಹಾಳೆ ತೆಗೆದರು. ಎರಡು ವರ್ಷದ ಹಿಂದೆ ಕೆಮ್ಮು ದಮ್ಮು ಜೋರಾದಾಗ ಬರೆದುಕೊಟ್ಟದ್ದು. ಆರಾಮ ಎನಿಸಿತೆಂದು ಮೆಡಿಕಲ್ ಶಾಪಿನಿಂದ ತಾವೇ ತರಿಸಿಕೊಂಡು, ಹೇಳಿದ್ದಕ್ಕಿಂತ ಹೆಚ್ಚಾಗಿಯೇ ನುಂಗುತ್ತಿದ್ದರು. ಆಸ್ಪತ್ರೆಯಲ್ಲೂ ನಿಲ್ಲಿಸಿರಲಿಲ್ಲ.

ಆ ಮಾತ್ರೆ ಉಸಿರಿನ ನಾಳವನ್ನು ಸಡಿಲಿಸುತ್ತದೆ, ಕೆಲವರಿಗೆ ಕೈ ನಡುಗಿಸುತ್ತದೆ ಎಂದು ಡಾ. ನಾಗಭೂಷಣ್ ನನಗೆ ವಿವರಿಸುತ್ತಾರೆ. “ಕುಡಿತದ ನಡುಕ ಸಾಮಾನ್ಯವಾಗಿ ಬೆಳಿಗ್ಗೆಯೇ ಜಾಸ್ತಿ. ಇವರಿಗೆ ಬೆಳಿಗ್ಗೆ ಇಲ್ಲವೇ ಇಲ್ಲ ಅಂತ ಬಕ್ಕೇಶ್ ಹೇಳಿದಾಗ ನನಗೆ ಎಲ್ಲ ಬೇರೆಯಾಗಿ ಕಂಡಿತು,” ಎನ್ನುತ್ತಾರೆ. ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು, ಇದನ್ನು ತಪ್ಪದೆ ಬರೆಯಿರಿ ಎಂದು ನನಗೆ ತಾಕೀತನ್ನೂ ಮಾಡಿದರು. ಅವತ್ತು ಡಿಸ್ಚಾರ್ಜ್ ಮುಂದಕ್ಕೆ ಹೋಯಿತು. ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಅದು ಸರಿಯಿತ್ತು. ಮಾತ್ರೆಯ ಬದಲು ಬಾಯಿಂದ ಎಳೆದುಕೊಳ್ಳುವ ಔಷಧಿ ಕೊಟ್ಟು, ಉಸಿರು ಹೇಗಿದೆ ಎಂದು ಗಮನಿಸುತ್ತ ಇಟ್ಟುಕೊಂಡರು. ಎರಡು ದಿನ ಕಳೆದ ಮೇಲೆ ತಿಂಡಿಯ ನಂತರವೂ ಕಲ್ಲೇಶಪ್ಪ ತುಂಬಿದ ಲೋಟ ಎತ್ತಿ ಕುಡಿದರು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಇದನ್ನು ಹೇಳುವಾಗ ರೇಖಾ ಕಣ್ಣೊರೆಸಿಕೊಂಡರು.

ಅಜ್ಜನಿಗೆ ಖುಷಿಯಾಗಿತ್ತು, ಒಂದು ಕೊರಗೂ ಹತ್ತಿತ್ತು. ಬಕ್ಕೇಶ್ ಅವರನ್ನು ಹತ್ತಿರ ಕರೆದು ಸಣ್ಣ ದನಿಯಲ್ಲಿ ಕೇಳಿದರು: “ಹಂಗಾರೆ ತಮ್ಮಾ, ಪೂಜಿ ಹೊತ್ನಾಗ ನನ್ನ ಕೈ ಹಿಡಿದಿದ್ದು ಶಿವ ಅಲ್ಲೇನು?”

“ಅದನ್ನ ನಾನು ಹೆಂಗೆ ಹೇಳ್ಲಿ ಅಜ್ಜಾರೆ? ನನ್ನ ಕಡೆ ಅದಕ್ಕೆ ಕೋಡ್ ಇಲ್ಲ. ಆದ್ರೆ ನೀವು ಪೂಜಿ ಬಿಟ್ಟಿದ್ರೆ ಇದು ಯಾರಿಗೂ ಗೊತ್ತಾಗ್ತಿರ್ಲಿಲ್ಲ.”

ಅಜ್ಜ ಅದಕ್ಕೆ ಒಪ್ಪಿದರಂತೆ.

ಡಾ. ನಾಗಭೂಷಣ್ ಹೊಸದಾಗಿ ಬರೆದರು, ಹಳೆಯ ಮಾತು ಯಾಕೆ ಸರಿಯಲ್ಲ ಎಂಬುದನ್ನೂ ಕಾರಣ ಕೊಟ್ಟು ಬರೆದು ಸಹಿ ಹಾಕಿದರು. ಬಕ್ಕೇಶ್ ಜಿ 25.1 ಎಂಬ ಗುರುತು ಹಾಕಿದರು. ಮನೆಗೆ ಹೊರಡುವ ದಿನ ಮಗ, ರೇಖಾ, ಅಂಗಡಿಯ ಇಬ್ಬರು ಗುಮಾಸ್ತರು, ಮೊದಲು ನೋಡಲು ಬಂದಿದ್ದ ನೆಂಟರು ಎಲ್ಲ ಮಂಚದ ಸುತ್ತ ನಿಂತಿದ್ದರು. ಸಮ್ಮರಿ ಕೈಗೆ ಕೊಡಲು ಬಂದ ಬಕ್ಕೇಶ್‌ಗೆ ಕಲ್ಲೇಶಪ್ಪ ಹೇಳಿದರು: “ಕೊಡಬ್ಯಾಡ. ಓದು. ಕನ್ನಡದಾಗ ಓದು.”

“ಅಜ್ಜಾರೆ, ಇದು ನಿಮ್ಮ ಖಾಸಗಿ ವಿಷಯ. ಎಲ್ಲರ ಮುಂದೆ ಓದಬಾರ್ದು.”

“ಖಾಸಗಿ ಅಂತಿದ್ದೇ ಊರ್ ತುಂಬ ಆತಲ್ಲಪ. ನನ್ನದು, ನಾನು ಹೇಳ್ತೀನಿ. ಜೋರಾಗಿ ಓದು, ಆ ಕಡಿ ಮಂಚದೋರಿಗೂ ಕೇಳಂಗೆ.”

ಬಕ್ಕೇಶ್ ರೇಖಾ ಕಡೆ ನೋಡಿದರು, ನರ್ಸಿನ ಕಡೆ ನೋಡಿದರು. ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಸಾಲು ಕನ್ನಡಕ್ಕೆ ತಿರುಗಿಸಿ ಓದಿದರು. ಬಿದ್ದದ್ದು ಕಾಲು ಜಾರಿ. ಕೈನಡುಕ ದಮ್ಮಿನ ಮಾತ್ರೆಯಿಂದ. ಮಾತ್ರೆ ನಿಲ್ಲಿಸಿದ ಮೇಲೆ ನಡುಕ ಹೋಗಿದೆ. ಮದ್ಯಪಾನ ಇಲ್ಲ, ಹಿಂದೆಯೂ ಇರಲಿಲ್ಲ. ಆ ಸಾಲಿಗೆ ಬಂದಾಗ ಕಲ್ಲೇಶಪ್ಪ ಕೈಯೆತ್ತಿ ನಿಲ್ಲಿಸಿದರು. “ಅದನ್ನ ಇನ್ನೊಂದ್ಸಲ ಓದು,” ಎಂದರು. ಓದಿದರು. ಮಗ ತಲೆ ತಗ್ಗಿಸಿಕೊಂಡು ಬಂದು ಅಪ್ಪನ ಕಾಲ ಹತ್ತಿರ ಕೂತ. “ಇವನಿಗೆ ಕೇಳಿಲ್ಲ ಅಂತ ಕಾಣ್ತೈತೆ, ಇನ್ನೊಂದ್ಸಲ ಓದು ತಮ್ಮಾ,” ಎಂದರು ಅಜ್ಜ.

“ಓದಿದೆನ್ರಿ,” ಎನ್ನುತ್ತಾರೆ ಬಕ್ಕೇಶ್, ಅಜ್ಜಿಯ ಫೈಲು ಮುಚ್ಚಿ ಮುಂದಿನ ಮಂಚದ ಕಡೆ ಹೊರಡುತ್ತ. “ನನ್ನ ಕೈ ದಾಟಿ ಹೋಗೋ ಸಮ್ಮರೀನ ಯಾರೂ ಓದಲ್ಲ ಅಂತ ತಿಳ್ಕಂಡಿದ್ದೆ. ಅವತ್ತು ವಾರ್ಡಿಗೆ ವಾರ್ಡೇ ಸುಮ್ನೆ ಕುಂತು ಕೇಳ್ತು ನೋಡ್ರಿ.”